ಮುಂದಿನ ಸಾಲಿನ ಅಪ್ಪ

ತಿಪ್ಪೇಶ ಬೆಂಚಿನ ಮೇಲೆ ಹತ್ತಿ ನಿಂತಿದ್ದ. ಯಾರದೋ ಸ್ವೆಟರನ್ನು ತಲೆಯ ಮೇಲೆ ಗಿರಗಿರ ತಿರುಗಿಸುತ್ತಾ, ಕಣ್ಣು ಮುಚ್ಚಿಕೊಂಡು ಸೊಂಟ ಕುಣಿಸುತ್ತಿದ್ದ.

“ಇದು ಯಾರು ಹೇಳ್ರಲೇ?” ಅಂದ.

“ವನಜನ ಅಪ್ಪ” ಅಂತ ಇಡೀ ಐದನೇ ಕ್ಲಾಸು ಒಟ್ಟಿಗೆ ಕೂಗಿತು.

ವನಜಾಕ್ಷಿ ಗಣಿತದ ಪುಸ್ತಕದೊಳಗೆ ಮುಖ ತೂರಿಸಿದಳು. ಕಿವಿ ಬಿಸಿಯಾಗಿ, ಅಕ್ಷರಗಳೆಲ್ಲ ಮಸುಕಾದವು.

ತಿಪ್ಪೇಶ ಮಾಡಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಭಾನುವಾರ ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಇತ್ತು. ಚಳ್ಳಕೆರೆಯ ಅರ್ಧ ಜನ ಅಲ್ಲೇ ಇದ್ದರು. ಎಲ್ಲರಿಗಿಂತ ಮುಂದೆ, ಸ್ಟೇಜಿಗೆ ಎದೆ ತಾಗುವಷ್ಟು ಹತ್ತಿರದಲ್ಲಿ, ಅವಳ ಅಪ್ಪ ದುರುಗೇಶ್ ನಿಂತಿದ್ದ. ಜೋರು ಹಾಡು ಬಂದಾಗೆಲ್ಲ ಹೆಗಲ ಮೇಲಿನ ಟವೆಲ್ ತೆಗೆದು ತಿರುಗಿಸುತ್ತಿದ್ದ. ಹೆಂಗಸರ ಸಾಲಿನಲ್ಲಿ ಅವ್ವನ ಪಕ್ಕ ಕೂತಿದ್ದ ವನಜ ಮೊದಮೊದಲು ಹಾಡು ಕೇಳಿದಳು. ಆಮೇಲೆ ಅವಳ ಕಿವಿಗೆ ಬಿದ್ದದ್ದು ಹಿಂದಿನಿಂದ ಬಂದ ನಗು ಒಂದೇ.

ಆ ಭಾನುವಾರದವರೆಗೆ ಹೀಗಿರಲಿಲ್ಲ. ಅಪ್ಪನ ಆರ್ಕೆಸ್ಟ್ರಾ ಕತೆ ಅಂದರೆ ಅವಳಿಗೆ ಪ್ರಾಣ. ದುರುಗೇಶ್ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಇಳಿಸುವ ಕೆಲಸ ಮಾಡುತ್ತಿದ್ದ. ಸಂಜೆ ಬಂದು, ಮೈಮೇಲಿನ ಹೊಟ್ಟು ತೊಳೆದುಕೊಂಡು, ಮುದ್ದೆ ಮುಂದೆ ಕೂತರೆ ಮಾತು ಶುರು. ಬೇರೆಯವರ ಅಪ್ಪಂದಿರು ಮಳೆ ಬಗ್ಗೆಯೋ ರೇಟಿನ ಬಗ್ಗೆಯೋ ಮಾತಾಡಿದರೆ, ಇವನು ಯಾವ ಊರಲ್ಲಿ ಯಾವ ಬ್ಯಾಂಡು ಯಾವ ಹಾಡು ನುಡಿಸಿತು ಅಂತ ಹೇಳುತ್ತಿದ್ದ.

ಒಂದು ಸಲ ಮದುವೆಗೆ ಹೋಗಿದ್ದನಂತೆ. ರಾಯದುರ್ಗದ ಕಡೆಯ ಬ್ಯಾಂಡ್ ಸೆಟ್. ಕ್ಲಾರಿನೆಟ್ ಊದುವ ಮುದುಕ ಎಷ್ಟು ಚೆನ್ನಾಗಿ ಊದಿದನೆಂದರೆ, ದುರುಗೇಶ್ ಅವನ ಹಿಂದೆಯೇ ನಡೆದುಕೊಂಡು ಹೋದ. ಮೆರವಣಿಗೆ ಮುಗಿಯಿತು. ಬ್ಯಾಂಡಿನವರು ಪಕ್ಕದ ಊರಿನ ಇನ್ನೊಂದು ಮದುವೆಗೆ ಹೊರಟರು. ಇವನೂ ಹೊರಟ. ಕೊನೆಗೆ ಯಾರದೋ ಮದುವೆಯಲ್ಲಿ ಊಟ ಮಾಡಿ, ಯಾರಿಗೋ ಮುಯ್ಯಿ ಹಾಕಿ ಮನೆಗೆ ಬಂದ. ಈ ಕತೆ ಬಂದಾಗೆಲ್ಲ ಅವ್ವ ಗೀತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಆ ಮದುಮಗ ಇವತ್ತಿಗೂ ಈ ದುರುಗೇಶ್ ಯಾರು ಅಂತ ಹುಡುಕ್ತಾ ಇರಬೇಕು ಅನ್ನುತ್ತಿದ್ದಳು.

ಇನ್ನೊಂದು ಸಲ, ಒಬ್ಬನೇ ಗಂಡಸು ಗಂಡು ದನಿಯಲ್ಲೂ ಹೆಣ್ಣು ದನಿಯಲ್ಲೂ ಹಾಡಿದ. ಪರದೆ ಹಿಂದೆ ಯಾರೋ ಹೆಂಗಸು ನಿಂತಿರಬೇಕು ಅಂತ ಅಪ್ಪ ಸ್ಟೇಜಿನ ಹಿಂದಕ್ಕೆ ಹೋಗಿ ಇಣುಕಿದ್ದನಂತೆ. ಅಲ್ಲಿ ಜನರೇಟರ್ ಪಕ್ಕ ಒಂದು ನಾಯಿ ಮಲಗಿತ್ತು, ಅಷ್ಟೇ.

ಆದರೆ ಎಲ್ಲಕ್ಕಿಂತ ದೊಡ್ಡ ಕತೆ ಮೊಳಕಾಲ್ಮೂರಿನದು. ಆಗ ಅಪ್ಪನಿಗೆ ಹದಿನೆಂಟು ವರ್ಷ. ಮೊಳಕಾಲ್ಮೂರಿನ ನೇಕಾರರ ಹುಡುಗರು ಸೇರಿಕೊಂಡು ‘ನುಂಕೆಮಲೆ ಮೆಲೋಡೀಸ್’ ಅಂತ ಹೊಸ ಆರ್ಕೆಸ್ಟ್ರಾ ಕಟ್ಟಿದ್ದರು. ಅದರ ಮೊದಲ ಪ್ರೋಗ್ರಾಂ ಕೇಳೋಕೆ ಅಪ್ಪ ಬೆಳಿಗ್ಗೆ ಸೈಕಲ್ ಹತ್ತಿದವನು, ದಾರಿಯಲ್ಲಿ ಎರಡು ಸಲ ಪಂಚರ್ ಹಾಕಿಸಿಕೊಂಡು, ಹೊತ್ತು ಮುಳುಗುವ ಹೊತ್ತಿಗೆ ತಲುಪಿದ. ಮೂರನೇ ಹಾಡಿಗೆ ಕರೆಂಟು ಹೋಯಿತು. ಮೈಕಿಲ್ಲ, ಕೀಬೋರ್ಡಿಲ್ಲ. ಹಾಡುವವನು ನಿಲ್ಲಿಸಲಿಲ್ಲ. ಒಬ್ಬ ಖಾಲಿ ಡಬ್ಬಿ ಬಡಿದು ತಾಳ ಕೊಟ್ಟ. ಬೀದಿ ತುಂಬ ಜನ ಉಸಿರು ಬಿಗಿಹಿಡಿದು ಕೇಳಿದರು. ಮುಗಿದ ಮೇಲೆ “ಇಂಕೋ ಪಾಟ, ಇಂಕೋ ಪಾಟ” ಅಂತ ತೆಲುಗಿನಲ್ಲಿ ಕೂಗಿ, ಇನ್ನೊಂದು ಹಾಡು ಹಾಡಿಸಿಕೊಂಡರು.

“ಅವತ್ತು ಕೇಳಿಸಿದಂಗೆ ಇವತ್ತಿನವರೆಗೂ ಯಾವ ಸ್ಪೀಕರ್ನಾಗೂ ಕೇಳಿಸಿಲ್ಲ” ಅಂತ ಅಪ್ಪ ಪ್ರತಿ ಸಲವೂ ಹೇಳುತ್ತಿದ್ದ.

ತಿಪ್ಪೇಶ ಬೆಂಚು ಹತ್ತಿದ ದಿನದಿಂದ ವನಜ ಕತೆ ಕೇಳುವುದನ್ನು ಬಿಟ್ಟಳು. ಅಪ್ಪ ಬಾಯಿ ತೆರೆದರೆ ಹೋಂವರ್ಕ್ ಐತೆ ಅಂತ ಎದ್ದು ಹೋಗುತ್ತಿದ್ದಳು.

ಅಕ್ಟೋಬರ್ ಕೊನೆಯಲ್ಲಿ ಶಾಲೆಯಲ್ಲಿ ಒಂದು ಚೀಟಿ ಹಂಚಿದರು. ರಾಜ್ಯೋತ್ಸವದ ದಿನ ಮಧ್ಯಾಹ್ನ ಮೂರು ಗಂಟೆಗೆ ಶಾಲೆಯ ಅಂಗಳದಲ್ಲಿ ಆರ್ಕೆಸ್ಟ್ರಾ. ತಂದೆತಾಯಿಯರೆಲ್ಲ ಬರಬೇಕು. ಬರುವ ತಂಡದ ಹೆಸರನ್ನು ವನಜ ಎರಡು ಸಲ ಓದಿದಳು. ನುಂಕೆಮಲೆ ಮೆಲೋಡೀಸ್.

ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಂಪಾಸ್ ಬಾಕ್ಸಿನ ಅಡಿಗೆ ತುರುಕಿದಳು.

ಆದರೆ ಇಂಥ ಸುದ್ದಿ ಚಳ್ಳಕೆರೆಯಲ್ಲಿ ಎಷ್ಟು ದಿನ ಗುಟ್ಟಾಗಿ ಉಳಿದೀತು? ಎರಡೇ ದಿನಕ್ಕೆ ಅಪ್ಪ ಮಿಲ್ಲಿನಿಂದ ಓಡೋಡಿ ಬಂದ. ನಿಮ್ಮ ಸ್ಕೂಲಿಗೆ ನಮ್ಮ ನುಂಕೆಮಲೆಯೋರು ಬರ್ತಾರಂತೆ, ಹೌದಾ, ಅಂತ ಕೇಳಿದ. ಅವನ ಮುಖ ಹಬ್ಬದ ದಿನದ ಹಾಗಿತ್ತು.

“ಹೂಂ. ಆದ್ರೆ ಬರೀ ಮಕ್ಕಳಿಗಂತೆ. ದೊಡ್ಡೋರನ್ನ ಒಳಗೆ ಬಿಡಲ್ವಂತೆ” ಅಂದಳು ವನಜ. ಅಂದು, ಬಾಗಿಲಾಚೆ ನೋಡಿದಳು.

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಗೂಟಕ್ಕೆ ಹಾಕಿದ. ಆಮೇಲೆ, ಹೋಗಲಿ ಬಿಡು, ನೀನಾದ್ರೂ ಕೇಳ್ತೀಯಲ್ಲ ಅಂದ. ಸ್ಪೀಕರ್ ಮುಂದೆ ಕೂರಬೇಡ, ಹಾಡೋನ ಬಾಯಿ ಕಾಣೋ ಕಡೆ ಕೂರು ಅಂತ ಹೇಳಿಕೊಟ್ಟ. ಯಾವ್ಯಾವ ಹಾಡು ಹಾಡಿದರು ಅಂತ ಬಂದು ಒಂದೂ ಬಿಡದೆ ಹೇಳಬೇಕು ಅಂದ. ಅವಳು ಹೂಂ ಅಂದಳು. ಅವತ್ತು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದಳು.

ರಾಜ್ಯೋತ್ಸವದ ದಿನ ಒಂದೂವರೆಗೆಲ್ಲ ಮೊಳಕಾಲ್ಮೂರಿನಿಂದ ಟೆಂಪೋ ಬಂತು. ಮಕ್ಕಳೆಲ್ಲ ಅದನ್ನು ಮುತ್ತಿಕೊಂಡರು. ಡ್ರಮ್ಮು, ವೈರಿನ ಸುರುಳಿ, ಬಟ್ಟೆ ಹೊದಿಸಿದ ಕೀಬೋರ್ಡು ಒಂದೊಂದಾಗಿ ಇಳಿದವು. ಕೊನೆಗೆ ಬಿಳಿ ಪ್ಯಾಂಟು ಹಾಕಿದ, ಕಿವಿಯ ಹತ್ತಿರ ಕೂದಲು ನರೆತ ಒಬ್ಬರು ಇಳಿದರು. ಅವರೇ ತಂಡದ ಹಾಡುಗಾರ ಜಂಪಣ್ಣ. ಮೈಕು ಕಟ್ಟುವವರೆಗೆ ಅವರು ಬೇವಿನ ಮರದ ಕಟ್ಟೆ ಮೇಲೆ ಕೂತು ನೀರು ಕುಡಿದರು. ಮಕ್ಕಳನ್ನು ನೋಡಿ ಹತ್ತಿರ ಕರೆದರು.

ಈ ಊರಿನಲ್ಲಿ ಒಬ್ಬರು ಇದ್ದಾರಲ್ಲ, ಎಣ್ಣೆ ಮಿಲ್ಲಿನೋರು, ಮುಂದೆ ನಿಂತು ಟವೆಲ್ ತಿರುಗಿಸ್ತಾರೆ, ಅವರು ನಿಮಗೆ ಗೊತ್ತಾ ಅಂತ ಕೇಳಿದರು.

ತಿಪ್ಪೇಶ ಕಿಸಕ್ಕನೆ ನಕ್ಕು ವನಜಳನ್ನು ಮುಂದಕ್ಕೆ ತಳ್ಳಿದ. “ಇವಳಪ್ಪನೇ ಸರ್” ಅಂದ.

ಜಂಪಣ್ಣ ನಗಲಿಲ್ಲ. ನೀರಿನ ಲೋಟ ಕೆಳಗಿಟ್ಟು ಎದ್ದೇ ನಿಂತರು. “ನೀನು ಅವರ ಮಗಳಾ? ಬಾ ಪಾಪ, ಕೂತ್ಕೋ.”

ಅವರು ಹೇಳಿದ ಕತೆ ಅಪ್ಪ ಯಾವತ್ತೂ ಹೇಳಿರಲಿಲ್ಲ. ಬಿ.ಜಿ. ಕೆರೆ ಅನ್ನುವ ಊರಿನಲ್ಲಿ ಒಂದು ಸಂಜೆ ಪ್ರೋಗ್ರಾಂ ನಡುವೆ ಜೋರು ಮಳೆ ಬಂತಂತೆ. ಕುರ್ಚಿಗಳನ್ನು ತಲೆ ಮೇಲೆ ಹೊತ್ತುಕೊಂಡು ಜನ ಓಡಿದರು. ಒಬ್ಬರು ಮಾತ್ರ ತಲೆಗೆ ಟವೆಲ್ ಸುತ್ತಿಕೊಂಡು ನಿಂತೇ ಇದ್ದರು. ತಂಡದವರು ವಾದ್ಯಗಳ ಮೇಲೆ ಟಾರ್ಪಾಲು ಹಿಡಿದು, ಆ ಒಬ್ಬರಿಗೋಸ್ಕರ ಎಂಟು ಹಾಡು ಹಾಡಿದರು.

ಅದಕ್ಕೂ ಹಿಂದೆ, ಪರಶುರಾಂಪುರದಲ್ಲಿ ಜಂಪಣ್ಣನವರ ಗಂಟಲು ಕಟ್ಟಿಹೋಗಿತ್ತು. ಎರಡನೇ ಹಾಡಿಗೇ ದನಿ ಒಡೆಯಿತು. ಜನ ಸಿಳ್ಳೆ ಹಾಕಿ ಇಳೀರಿ ಅಂದರು. ಇಳಿದು ಹೋಗೋಣ, ಇನ್ನು ಮಗ್ಗದ ಮುಂದೆ ಕೂತರಾಯಿತು ಅಂತ ಅವರೂ ಮೈಕ್ ಕೆಳಗಿಟ್ಟರು.

“ಸ್ಟೇಜ್ ಮೇಲೆ ನಿಂತ್ರೆ ಲೈಟು ಕಣ್ಣಿಗೇ ಹೊಡೀತೈತೆ ಪಾಪ. ಸಾವಿರ ಜನ ಇದ್ರೂ ಕಾಣಲ್ಲ, ಎಲ್ಲ ಕತ್ತಲೆ. ಮುಂದೆ ನಿಂತೋರು ಮಾತ್ರ ಕಾಣ್ತಾರೆ. ಅವತ್ತು ನಿಮ್ಮಪ್ಪ ನಿಂತಿದ್ರು. ಇಳೀಬೇಡ, ಹಾಡು ಅಂತ ಕೈ ಮಾಡಿದ್ರು. ನಾನು ಅವರೊಬ್ಬರನ್ನೇ ನೋಡ್ಕೊಂಡು ಹಾಡಿದೆ.”

ಮಕ್ಕಳು ಕಟ್ಟೆಗೆ ಇನ್ನಷ್ಟು ಹತ್ತಿರ ಸರಿದಿದ್ದರು. ತಿಪ್ಪೇಶನೂ ಬಾಯಿ ತೆರೆದುಕೊಂಡು ಕೇಳುತ್ತಿದ್ದ.

“ಇವತ್ತು ಬರ್ತಾರಲ್ವಾ?” ಅಂತ ಜಂಪಣ್ಣ ಕೇಳಿದರು.

ವನಜ ಎದ್ದು ನೆಟ್ಟಗೆ ರೇಣುಕಮ್ಮ ಟೀಚರ್ ಹತ್ತಿರ ಹೋದಳು. ಅಪ್ಪನಿಗೆ ಸುಳ್ಳು ಹೇಳಿದ್ದೀನಿ ಟೀಚರ್, ಹೋಗಿ ಕರ್ಕೊಂಡು ಬರ್ತೀನಿ ಅಂದಳು. ಟೀಚರ್ ಗಡಿಯಾರ ನೋಡಿದರು. ರಸ್ತೆ ಬದಿಯಲ್ಲೇ ಹೋಗು, ಬೇಗ ಬಾ ಅಂದರು.

ಶೇಂಗಾ ಸುಗ್ಗಿಯಾದ್ದರಿಂದ ಮಿಲ್ಲಿಗೆ ರಾಜ್ಯೋತ್ಸವದ ರಜೆಯೂ ಇರಲಿಲ್ಲ. ಗೇಟಿನ ಒಳಗೆ ಮಿಷನ್ ಸದ್ದಿಗೆ ನೆಲ ನಡುಗುತ್ತಿತ್ತು. ಗಾಳಿ ತುಂಬ ಹೊಟ್ಟು. ಅಪ್ಪ ಲಾರಿಯಿಂದ ಮೂಟೆ ಹೊತ್ತು ಇಳಿಯುತ್ತಿದ್ದ. ಅವಳನ್ನು ಕಂಡು ಮೂಟೆ ಇಳಿಸಿ, ಗಾಬರಿಯಿಂದ ಬಂದ. ಅವಳು ಅವನನ್ನು ಗೋಡೆಯ ಮರೆಗೆ ಎಳೆದುಕೊಂಡು ಹೋದಳು.

“ದೊಡ್ಡೋರೂ ಬರಬಹುದು ಅಪ್ಪ. ನಾನೇ ಸುಳ್ಳು ಹೇಳ್ದೆ.”

“ಯಾಕ್ ಮಗಾ?”

“ನೀನು ಕುಣಿದ್ರೆ ಎಲ್ಲರೂ ನಗ್ತಾರೆ.”

ಅಪ್ಪ ಹಣೆಯ ಬೆವರು ಒರೆಸಿಕೊಂಡ. ಬೈಯುತ್ತಾನೆ ಅಂತ ಅವಳು ಕಾದಳು. ಅವನು ಬೈಯಲಿಲ್ಲ.

“ನಗ್ತಾರಾ?” ಅಂದ. “ನಂಗೆ ಗೊತ್ತೇ ಇರಲಿಲ್ಲ. ನಾನು ಯಾವತ್ತೂ ಹಿಂದಕ್ಕೆ ತಿರುಗಿ ನೋಡಿಲ್ಲ.”

ಲಾರಿ ಖಾಲಿ ಮಾಡಿ ಬರ್ತೀನಿ, ನೀನು ನಡಿ ಅಂತ ಅವಳನ್ನು ಕಳಿಸಿದ.

ಮೂರು ಗಂಟೆಗೆ ಆರ್ಕೆಸ್ಟ್ರಾ ಶುರುವಾಯಿತು. ವನಜ ಹಾಡಿಗಿಂತ ಗೇಟನ್ನೇ ಹೆಚ್ಚು ನೋಡಿದಳು. ಎರಡು ಹಾಡು ಮುಗಿದ ಮೇಲೆ ಅಪ್ಪ ಬಂದ. ತಲೆಗೆ ನೀರು ಹಚ್ಚಿ ಬಾಚಿದ್ದ, ಒಗೆದ ಅಂಗಿ ಹಾಕಿದ್ದ. ಆದರೆ ಮುಂದೆ ಬರಲಿಲ್ಲ. ಕಟ್ಟಕಡೆಯಲ್ಲಿ ಕಾಂಪೌಂಡಿಗೆ ಒರಗಿ, ಕೈಕಟ್ಟಿಕೊಂಡು, ಮೇಷ್ಟ್ರ ಮುಂದೆ ನಿಂತ ಹುಡುಗನ ಹಾಗೆ ನಿಂತ. ಕುಣಿಯುವ ಹಾಡು ಬಂತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅಪ್ಪನ ಕೈ ಕಟ್ಟಿದಲ್ಲೇ ಇತ್ತು.

ಜಂಪಣ್ಣ ಹಾಡುತ್ತಾ ಹಾಡುತ್ತಾ ಆಚೆ ಈಚೆ ಕಣ್ಣಾಡಿಸುತ್ತಿದ್ದರು. ವನಜಳಿಗೆ ಅದು ಕಾಣುತ್ತಿತ್ತು. ಅವಳು ಎದ್ದಳು. ಕೂತವರ ಕಾಲು ದಾಟಿ ದಾಟಿ ಹಿಂದಕ್ಕೆ ಹೋದಳು.

“ಮುಂದೆ ಬಾ ಅಪ್ಪ. ಅವರು ನಿನ್ನ ಹುಡುಕ್ತಾ ಇದಾರೆ.”

“ಬ್ಯಾಡ ಮಗಾ. ನಂಗೆ ಇಲ್ಲೇ ಚೆನ್ನಾಗಿ ಕೇಳಿಸ್ತೈತೆ.”

ಅವಳು ಅವನ ಕಟ್ಟಿದ ಕೈಯನ್ನು ಬಿಡಿಸಿ, ಹೆಬ್ಬೆರಳು ಹಿಡಿದು ಎಳೆದಳು. ಇಡೀ ಅಂಗಳ ನೋಡುತ್ತಿತ್ತು. ಯಾರೋ ನಕ್ಕರು. ವನಜ ಅಪ್ಪನ ಹೆಬ್ಬೆರಳು ಬಿಡಲಿಲ್ಲ. ಮುಂದೆ ತಿಪ್ಪೇಶ ಸರಿದು, ಇಬ್ಬರಿಗೆ ಜಾಗ ಮಾಡಿಕೊಟ್ಟ.

ಜಂಪಣ್ಣ ಅಪ್ಪನನ್ನು ಕಂಡರು. ಹಾಡಿನ ನಡುವೆಯೇ ಕೈ ಎತ್ತಿ ಮುಗಿದರು. ಅಪ್ಪನೂ ಮುಗಿದ. ಆಮೇಲೆ ಅವರು ಕೀಬೋರ್ಡಿನವನ ಕಿವಿಯಲ್ಲಿ ಏನೋ ಹೇಳಿದರು. ಬೇರೆ ಹಾಡು ಶುರುವಾಯಿತು. ನಿಧಾನದ್ದು, ಹಳೆಯದು. ವನಜ ಅದನ್ನು ಎಂದೂ ಕೇಳಿರಲಿಲ್ಲ.

ಅಪ್ಪ ಕುಣಿಯಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ವನಜ ಅವನ ತೋಳಿಗೆ ಒರಗಿದಳು. ಆಗ ಸ್ಪೀಕರಿನ ಸದ್ದಿನ ಅಡಿಯಲ್ಲಿ ಇನ್ನೊಂದು ಸಣ್ಣ ದನಿ ಅವಳಿಗೆ ಕೇಳಿಸಿತು. ತಲೆ ಎತ್ತಿ ನೋಡಿದಳು. ಅಪ್ಪನ ತುಟಿ ಅಲುಗುತ್ತಿತ್ತು. ಒಂದು ಅಕ್ಷರವೂ ತಪ್ಪದೆ, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ಅಪ್ಪ ಹಾಡುತ್ತಿದ್ದ. ಅವನಿಗೆ ಹಾಡೋಕೆ ಬರುತ್ತದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ಅವಳು ಸ್ಟೇಜಿನ ಕಡೆಯ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಇನ್ನೊಂದು ಕಿವಿಯನ್ನು ಅಪ್ಪನ ಎದೆಯ ಹತ್ತಿರ ತಂದು, ಹಾಡು ಮುಗಿಯುವವರೆಗೂ ಹಾಗೇ ಕೂತಳು.