ನಡುಗುವ ಕೈಯ ಬರಹ

ಒಂಬತ್ತು ಚಳಿಗಾಲ ಎಲಾದಿಯೊ ತನ್ನ ಸೋದರಮಾವನ ಬಾಯಿಗೆ ಚಮಚದಲ್ಲಿ ಕಡಲೆ ಸಾರು ಹಾಕಿದ್ದ. ಮಾವ ಸತುರ್ನಿನೊ ಅಲ್ಮಾದೆನ್ ಗಣಿಯ ಕುಲುಮೆಯಲ್ಲಿ ಇಂಗಲೀಕದ ಕೆಂಪು ಅದಿರನ್ನು ಸುಟ್ಟು ಪಾದರಸ ಇಳಿಸುವವನು. ಆ ಹೊಗೆ ಕುಡಿದ ಎಲ್ಲರ ಹಾಗೆ ಅವನಿಗೂ ಕೈನಡುಕ. ಚಮಚ ಬಾಯಿ ಮುಟ್ಟುವಷ್ಟರಲ್ಲಿ ಸಾರೆಲ್ಲ ಅಂಗಿಯ ಮೇಲೆ. ಹೆಂಡತಿ ಮಕ್ಕಳಿಲ್ಲದ ಮುದುಕನ ಮನೆ, ಅದೂ ಅಂಗಳದಲ್ಲಿ ಬಾವಿ ಇರುವ ಮನೆ, ತನಗಲ್ಲದೆ ಇನ್ಯಾರಿಗೆ ಎಂದು ಎಲಾದಿಯೊ ನಂಬಿದ್ದ. ಆ ನಂಬಿಕೆಯಲ್ಲೇ ಅಂಗಿಯನ್ನೂ ಒರೆಸುತ್ತ ಬಂದಿದ್ದ.

ಈ ಜನವರಿಯಲ್ಲಿ ಮಾವ ಸಾರು ನುಂಗಿ ಆರಾಮಾಗಿ ಹೇಳಿದ.

"ಮನೆ ಒಬ್ದುಲಿಯಾಗೆ ಬರೀತೀನಿ ಕಣೋ. ಈಸ್ಟರ್ ಕಳೀಲಿ, ನೋಟರಿ ಹತ್ರ ಹೋಗ್ತೀನಿ."

"ಅವಳೇನು ಮಾಡಿದಾಳೆ ಮಾವ ನಿಮಗೆ? ವರ್ಷಕ್ಕೊಂದ್ಸಲ ಒಂದು ಡಬ್ಬಿ ಮಿಠಾಯಿ ಹಿಡ್ಕೊಂಡು ಬರ್ತಾಳೆ."

"ಮಿಠಾಯಿ ಚೆನ್ನಾಗಿರುತ್ತೆ. ನಿನ್ನ ಸಾರಿಗೆ ಉಪ್ಪೇ ಇರಲ್ಲ."

ಒಬ್ದುಲಿಯಾ ಮಾವನ ಇನ್ನೊಬ್ಬ ತಂಗಿಯ ಮಗಳು, ಕೊರ್ದೊಬಾದಲ್ಲಿ ಬಟ್ಟೆ ಹೊಲಿಯುವವಳು. ಎಲಾದಿಯೊನ ಹೊಟ್ಟೆ ಉರಿಯಿತು. ಹೆಂಡತಿ ಬಸಿಲಿಸಾ ಆ ಉರಿಗೆ ಇನ್ನಷ್ಟು ಸೌದೆ ಒಟ್ಟಿದಳು. "ಒಂಬತ್ತು ವರ್ಷ ದಾದಿ ಕೆಲ್ಸ ಮಾಡಿದ್ರಿ. ಆ ಚಮಚನಾದ್ರೂ ನಿಮಗೆ ಬಿಟ್ಟು ಹೋಗ್ತಾರಾ ಕೇಳಿ ನೋಡಿ."

ಸ್ವಂತ ಕೈಯಲ್ಲಿ ಬರೆದು, ದಿನಾಂಕ ಹಾಕಿ, ಸಹಿ ಮಾಡಿದ ಉಯಿಲಿಗೆ ಸಾಕ್ಷಿ ಬೇಕಿಲ್ಲ. ಗಣಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಎಲಾದಿಯೊಗೆ ಇದು ಚೆನ್ನಾಗಿ ಗೊತ್ತಿತ್ತು. ಮಾವನ ಬರಹದ ಮಾದರಿಗೂ ಬರವಿರಲಿಲ್ಲ. ಹಾಜರಿ ಪುಸ್ತಕದ ತುಂಬ ಸಹಿ, ರಜೆ ಕೇಳಿದ ಚೀಟಿಗಳ ಕಂತೆ. ಕಷ್ಟವೆಲ್ಲ ಇದ್ದದ್ದು ನಡುಕದಲ್ಲಿ. ಬೇಕೆಂದೇ ಕೈ ಅಲುಗಿಸಿದರೆ ಅಕ್ಷರ ಕುಣಿಯುತ್ತಿತ್ತೇ ಹೊರತು ನಡುಗುತ್ತಿರಲಿಲ್ಲ. ಹದಿನೈದು ದಿನ ಹಾಳೆಗಳನ್ನು ಒಲೆಗೆ ಹಾಕಿದ್ದಾಯಿತು. ಸಿಟ್ಟಿನಲ್ಲಿ ಎರಡು ನಿಬ್ಬು ಮುರಿದ. ಕೊನೆಗೆ ಉಪಾಯ ಹೊಳೆಯಿತು: ಮಾವನ ಬಾವಿಯಿಂದಲೇ ಒಂದೇ ಸಮನೆ ನೀರು ಸೇದಿ, ತೋಳು ಸೋತು ಅದುರುತ್ತಿರುವಾಗ ಓಡಿಬಂದು ಬರೆಯಲು ಕೂತ. ತೊಟ್ಟಿ ತುಂಬಿದ್ದು ಕಂಡು ಮಾವನಿಗೂ ಖುಷಿ.

"ಏನೋ ಇದು, ಊರಿಗೆಲ್ಲ ಸ್ನಾನ ಮಾಡಿಸ್ತೀಯಾ?"

ಬರೆದದ್ದು ಮೂರೇ ಸಾಲು. ದಿನಾಂಕ ಆರಿಸಿದ ಜಾಣತನಕ್ಕೆ ಎಲಾದಿಯೊ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಹಿಂದಿನ ವರ್ಷ, ೧೯೧೧ರ ಆಗಸ್ಟ್ ಹದಿನೈದು, ಮರಿಯಮ್ಮನವರ ಹಬ್ಬ. ದೇವರಿಗೆ ಹೆದರುವ ಮನುಷ್ಯ ಉಯಿಲು ಬರೆಯಲು ತಕ್ಕ ದಿನ. ಬೇಸಿಗೆಯಲ್ಲಿ ಕುಲುಮೆ ಆರಿರುತ್ತದೆ. ಆ ತಿಂಗಳ ಒಂದು ಕಾಗದವೂ ಕಚೇರಿಯಲ್ಲಿಲ್ಲ, ತಾಳೆ ನೋಡುವವರಿಗೆ ಏನೂ ಸಿಗದು. ಮೇಲಾಗಿ ಪ್ರತಿ ಬೇಸಿಗೆಯಂತೆ ಆಗಲೂ ಅವನು ಹೆಂಡತಿಯ ತವರಿನಲ್ಲಿದ್ದ. ಮುದುಕನ ಕೈ ಹಿಡಿದು ಬರೆಸಿದ ಎಂದು ಯಾರೂ ಬಾಯಿ ತೆರೆಯುವಂತಿರಲಿಲ್ಲ.

ಈಸ್ಟರಿಗೆ ಮೊದಲೇ ಮಾವ ಎದೆ ಹಿಡಿದುಕೊಂಡು ಸತ್ತ. ನೋಟರಿಯ ಬಳಿ ಹೋಗಿರಲಿಲ್ಲ. ಕಾಗದವನ್ನು ಆಗಲೂ ಒಲೆಗೆ ಹಾಕಬಹುದಿತ್ತು. ಸುಮ್ಮನಿದ್ದರೂ ಕಾನೂನಿನಂತೆ ಅರ್ಧ ಮನೆ ಎಲಾದಿಯೊನದೇ. ಆದರೆ ಮಿಠಾಯಿ ಡಬ್ಬಿಗೂ ಅರ್ಧ, ಒಂಬತ್ತು ವರ್ಷದ ಸಾರಿಗೂ ಅರ್ಧವೇ? ಅದು ಅವನ ಗಂಟಲಲ್ಲಿ ಇಳಿಯಲಿಲ್ಲ. ಕಾಗದವನ್ನು ಮಾವನ ಬಟ್ಟೆಪೆಟ್ಟಿಗೆಯಲ್ಲಿಟ್ಟ. ಒಂಬತ್ತನೇ ದಿನದ ಪ್ರಾರ್ಥನೆಗೆ ಮೇಜಿನ ಮೇಲೆ ಹಾಸಲು ಬಟ್ಟೆ ಹುಡುಕಿದ ನೆರೆಮನೆಯ ರೆಮಿಹಿಯಾ, ಅವನೆಣಿಸಿದಂತೆಯೇ, ಅದನ್ನು ಕಂಡಳು.

"ಇಲ್ಲೇನೋ ಕಾಗದ ಇದೆ ನೋಡಪ್ಪ."

"ನನ್ನ ಕಣ್ಣೆಲ್ಲ ಮಂಜಾಗಿದೆ, ಪಾದ್ರಿಗಳಿಗೆ ಕೊಡಮ್ಮ," ಎಂದ ಎಲಾದಿಯೊ.

ಕಾಗದ ನ್ಯಾಯಾಧೀಶ ದೊನ್ ಎವಾರಿಸ್ತೊ ಅವರ ಮುಂದೆ ಹೋಯಿತು. ಅವರು ಕುಲುಮೆಯ ಮೇಸ್ತ್ರಿಯನ್ನು ಕರೆಸಿ ತೋರಿಸಿದರು.

"ಸತುರ್ನಿನೊಂದೇ ಸ್ವಾಮಿ. ಈ ನಡುಕಾನ ಎಲ್ಲಿ ಕಂಡ್ರೂ ಹೇಳ್ತೀನಿ," ಎಂದ ಮೇಸ್ತ್ರಿ. ಎಲಾದಿಯೊ ತಲೆ ತಗ್ಗಿಸಿ ಕಣ್ಣೊರೆಸಿಕೊಂಡ. ಮನೆಗೆ ಯಾವ ಬಣ್ಣದ ಸುಣ್ಣ ಹೊಡೆಸಬೇಕೆಂದು ಯೋಚಿಸುತ್ತಿದ್ದ.

ಕೊರ್ದೊಬಾದಿಂದ ಬಂದು ಕೂತಿದ್ದ ಒಬ್ದುಲಿಯಾ ಜಗಳ ತೆಗೆಯಲಿಲ್ಲ. ಕೈಚೀಲದಿಂದ ರಿಬ್ಬನ್ನು ಕಟ್ಟಿದ ಒಂಬತ್ತು ಪತ್ರ ತೆಗೆದು, ಮೇಲಿನದನ್ನು ಬಿಡಿಸಿ ನ್ಯಾಯಾಧೀಶರ ಮುಂದಿಟ್ಟಳು. "ಮಾವ ವರ್ಷಕ್ಕೆ ಒಂದೇ ಪತ್ರ ಬರೀತಿದ್ರು, ಹಬ್ಬದ ದಿನ," ಎಂದಳು. ಅವರು ಗಟ್ಟಿಯಾಗಿ ಓದಿದರು: 'ಮಗಳೇ, ಎರಡು ತಿಂಗಳಿಂದ ಕಣದಲ್ಲಿ ಗೋಧಿ ತೂರುತ್ತಿದ್ದೇನೆ. ಬಿಸಿಲಿಗೆ ಬೆವರಿ ಬೆವರಿ ಪಾದರಸವೆಲ್ಲ ಮೈಯಿಂದ ಇಳಿದುಹೋಗಿದೆ. ನನ್ನ ಕೈ ನಡುಗದೆ ನಿಲ್ಲುವುದು ಈ ದಿನಗಳಲ್ಲಿ ಮಾತ್ರ, ಅದಕ್ಕೇ ನಿನಗೆ ಈಗ ಬರೆಯುವುದು.' ಮೇಸ್ತ್ರಿ ನಾಲಿಗೆ ಕಚ್ಚಿಕೊಂಡ. "ಹೌದು ಸ್ವಾಮಿ, ಬೇಸಿಗೇಲಿ ನಾವೆಲ್ಲ ಹಾಗೇ ವಾಸಿಯಾಗೋದು. ಕಚೇರೀಲಿ ಕೂತೋರು ನಮ್ಮನ್ನ ನೋಡೋದು ಬರೀ ಚಳಿಗಾಲದಲ್ಲಿ." ದೊನ್ ಎವಾರಿಸ್ತೊ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಎಲಾದಿಯೊನ ಕಡೆ ತಿರುಗಿಸಿದರು. ಎರಡರ ಮೇಲೂ ೧೯೧೧ರ ಆಗಸ್ಟ್ ಹದಿನೈದು. ಒಂದರಲ್ಲಿ ಅವನು ಅಷ್ಟು ಕಷ್ಟಪಟ್ಟು ಕಲಿತ ನಡುಕವಿತ್ತು. ಇನ್ನೊಂದರಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ.