ಆರು ಕಾಲಿನ ಕುರಿ

ಮಿಸ್ ಫೋನ್ ಹಿಡಿದುಕೊಂಡು ವರಾಂಡಕ್ಕೆ ಹೋಗಿದ್ದೇ ತಡ, ಬುಗುರಿ ಕುರ್ಚಿಯಿಂದ ಟಣ್ಣನೆ ಜಿಗಿದಳು.

ಮೇಜಿನ ಮೇಲೆ ಪ್ಲಾಸ್ಟಿಕ್ ಡಬ್ಬಿಗಳು ಸಾಲಾಗಿ ಕೂತಿದ್ದವು. ಒಂದೊಂದರ ಮೇಲೂ ಒಂದೊಂದು ಅಕ್ಷರ: ಕ, ಟ, ಸ, ಲ, ರ. ಬುಗುರಿ ಕೊನೆಯ ಡಬ್ಬಿಯ ಮುಚ್ಚಳ ತೆಗೆದು, ಒಳಗಿದ್ದ ಚಿತ್ರದ ಕಾರ್ಡುಗಳನ್ನೆಲ್ಲ ಬಾಚಿಕೊಂಡಳು. ರೈಲು, ರಸ್ತೆ, ರಬ್ಬರ್, ರಾಕೆಟ್, ಮರ, ಕುರಿ... ಒಟ್ಟು ಇಪ್ಪತ್ತಮೂರು. ಅಷ್ಟನ್ನೂ ಸ್ಕೂಲ್ ಬ್ಯಾಗಿನ ತಳದಲ್ಲಿದ್ದ ರಟ್ಟಿನ ಕೆಳಗೆ ತೂರಿಸಿ, ಮೇಲೆ ಗಣಿತದ ಪುಸ್ತಕ ಹೇರಿ, ಜಿಪ್ ಎಳೆದಳು. ಮಿಸ್ ಒಳಗೆ ಬರುವಷ್ಟರಲ್ಲಿ ಅವಳು ಕೈಕಟ್ಟಿ ಕೂತಾಗಿತ್ತು, ಏನೂ ಅರಿಯದ ಮಗುವಿನ ಹಾಗೆ.

ಆ ಕೋಣೆ ಮೊದಲು ಆಟದ ಸಾಮಾನು ಇಡುವ ಜಾಗವಾಗಿತ್ತು. ಗಾಳಿ ಹೋದ ಎರಡು ಚೆಂಡು ಈಗಲೂ ಮೂಲೆಯಲ್ಲಿ ಬಿದ್ದಿದ್ದವು. ಬಾಗಿಲ ಮೇಲೆ ‘ಸ್ಪೀಚ್ ಥೆರಪಿ’ ಎಂಬ ಬೋರ್ಡು. ಮಾತು ತೊದಲುವ ಮಕ್ಕಳು, ಒಂದೆರಡು ಅಕ್ಷರ ಬಾಯಲ್ಲಿ ನಿಲ್ಲದ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಹೇಳಿಕೊಡುವ ಮಿಸ್ ವಾರಕ್ಕೊಂದು ದಿನ ಈ ಶಾಲೆಗೆ, ಉಳಿದ ದಿನ ಬೇರೆ ಬೇರೆ ಶಾಲೆಗಳಿಗೆ ಡಬ್ಬಿಗಳನ್ನು ಹೊತ್ತುಕೊಂಡು ಓಡಾಡುತ್ತಿದ್ದರು. ಮಕ್ಕಳು ಅವರಿಗಿಟ್ಟ ಹೆಸರು ಮಾತಿನ ಮಿಸ್.

“ಸರಿ, ಎಲ್ಲಿದ್ವಿ? ಇವತ್ತು ರ ಅಲ್ವಾ?” ಮಾತಿನ ಮಿಸ್ ಡಬ್ಬಿ ತೆಗೆದರು. ಒಳಗೆ ನೋಡಿದರು. ಡಬ್ಬಿ ತಲೆಕೆಳಗು ಮಾಡಿದರು. “ಅರೆ, ಖಾಲಿ! ನಿನ್ನೆ ಆ ಸ್ಕೂಲಲ್ಲಿ ತೆಗೆದಿದ್ದೆ. ಅಲ್ಲೇ ಬಿಟ್ಬಂದ್ನಾ?”

“ಹೋಗ್ಲಿ ಬಿಡಿ ಮಿಸ್,” ಬುಗುರಿ ದೊಡ್ಡವಳ ಹಾಗೆ ಸಮಾಧಾನ ಹೇಳಿದಳು. “ಸ ಮಾಡೋಣ. ಸ ನಂಗೆ ತುಂಬ ಇಷ್ಟ.”

“ಸ ನಿಂಗೆ ಚೆನ್ನಾಗೇ ಬರುತ್ತಲ್ಲೇ!”

“ಮಾಡಿದಷ್ಟೂ ಒಳ್ಳೇದಲ್ವಾ ಮಿಸ್?”

ಬುಗುರಿಯ ಬಾಯಲ್ಲಿ ರ ಹೊರಳುತ್ತಲೇ ಇರಲಿಲ್ಲ. ಲ ಆಗಿ ಜಾರಿಬಿಡುತ್ತಿತ್ತು. ಒಂದು ಕಡೆ ಕೂರದೆ ಸುತ್ತುತ್ತಾಳೆಂದು ತಾತ ಅವಳಿಗೆ ಬುಗುರಿ ಎಂದು ಹೆಸರಿಟ್ಟಿದ್ದ. ಹೋದ ವರ್ಷ ಹೊಸ ಟೀಚರ್ “ಮನೇಲಿ ನಿನ್ನ ಏನಂತ ಕರೀತಾರೆ?” ಎಂದು ಕೇಳಿದಾಗ ಅವಳು ಎದ್ದು ನಿಂತು, ಎದೆಯುಬ್ಬಿಸಿ, “ಬುಗುಲಿ!” ಎಂದಿದ್ದಳು. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಟೀಚರ್ ಕೂಡ ತುಟಿ ಕಚ್ಚಿಕೊಂಡಿದ್ದರು.

ಅವತ್ತೇ ಕೊನೆ. ಆಮೇಲೆ ಅವಳು ರ ಇರುವ ಮಾತಿನ ಸಹವಾಸವನ್ನೇ ಬಿಟ್ಟಳು. ನೀರು ಬೇಕಾದರೆ “ಗಂಟಲು ಒಣಗ್ತಿದೆ” ಎನ್ನುತ್ತಿದ್ದಳು. ರಬ್ಬರ್ ಬೇಕಾದರೆ “ಅಳಿಸೋದು ಕೊಡು.” ಗೆಳತಿಯರು ಆಟಕ್ಕೆ ಕರೆದಾಗ ‘ಬರ್ತೀನಿ’ ಎನ್ನುವ ಬದಲು “ನಾನೂ ಇದ್ದೀನಿ!” ಸೋಮವಾರ, ಮಂಗಳವಾರ, ಬುಧವಾರ ಎಂದು ಏಳು ದಿನದ ಹೆಸರಲ್ಲೂ ರ ಬಂದು ಕೂತಿದ್ದಕ್ಕೆ ಅವಳಿಗೆ ಭಾರೀ ಸಿಟ್ಟು. ಹಾಗಾಗಿ ನಾಳೆ, ನಾಡಿದ್ದು ಎಂದೇ ವಾರವನ್ನು ತಳ್ಳುತ್ತಿದ್ದಳು. ಕ್ಲಾಸಲ್ಲಿ ಜೋರಾಗಿ ಪಾಠ ಓದುವ ಸರದಿ ಬಂದಾಗ ಮಾತ್ರ ಕೆಮ್ಮು ಬರುತ್ತಿತ್ತು. ಎಂಥ ಕೆಮ್ಮು ಅಂತೀರಿ, ಪಕ್ಕದ ಕ್ಲಾಸಿನವರೂ ಇಣುಕಿ ನೋಡಬೇಕು!

ಕಾರ್ಡು ಕದ್ದ ಮೇಲೆ ಎರಡು ದಿನ ಬುಗುರಿ ನೆಲದ ಮೇಲೆ ನಡೆಯಲಿಲ್ಲ.

ಮೂರನೆಯ ದಿನ ಸಂಜೆ ಅವಳು ಅಮ್ಮನ ಅಂಗಡಿಯಲ್ಲಿ ಹೋಂವರ್ಕ್ ಮಾಡುತ್ತಿದ್ದಳು. ಅಮ್ಮನದು ಝೆರಾಕ್ಸ್ ಮತ್ತು ಲ್ಯಾಮಿನೇಶನ್ ಅಂಗಡಿ. ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ಕಾಯಬೇಕು, ಅಷ್ಟು ಪುಟ್ಟದು. ಬುಗುರಿಯ ಬ್ಯಾಗು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಕಾರ್ಡುಗಳು ಇನ್ನೂ ಅದರ ತಳದಲ್ಲೇ ಇದ್ದವು.

“ಮೇಡಂ, ಸ್ವಲ್ಪ ಲ್ಯಾಮಿನೇಶನ್ ಆಗ್ಬೇಕಿತ್ತು.”

ಆ ದನಿ ಕೇಳಿ ಬುಗುರಿಯ ಪೆನ್ಸಿಲು ನಿಂತುಹೋಯಿತು. ಬಾಗಿಲಲ್ಲಿ ಮಾತಿನ ಮಿಸ್! ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ದಪ್ಪ ಫೈಲು.

“ಓಹೋ, ನೀನಿಲ್ಲಿ!” ಎಂದರು ಮಿಸ್.

“ನನ್ನ ಮಗಳು. ನಿಮ್ಮ ಹತ್ರ ಬರ್ತಾಳಲ್ವಾ?” ಅಮ್ಮ ಸ್ಟೂಲು ಎಳೆದು ಕೊಟ್ಟಳು. “ಹೇಗಿದ್ದಾಳೆ?”

“ಸ ಅಂತೂ ಅದ್ಭುತ,” ಎಂದರು ಮಿಸ್. ಫೈಲು ಬಿಚ್ಚಿ ಹೊಸ ಚಿತ್ರಗಳನ್ನು ಮೇಜಿನ ಮೇಲೆ ಹರಡಿದರು. ಎಲ್ಲ ಕೈಯಲ್ಲೇ ಬರೆದು ಬಣ್ಣ ಹಚ್ಚಿದವು. “ಒಂದು ಡಬ್ಬಿ ಕಾರ್ಡು ಹಾಗೇ ಕಳೆದ್ಹೋಯ್ತು. ಮೂರು ಸ್ಕೂಲಿನ ಬೀರು ಜಾಲಾಡಿದೆ, ಸಿಗ್ಲಿಲ್ಲ. ಕೂತು ಮತ್ತೆ ಬರೆದೆ.”

“ಅಯ್ಯೋ ಪಾಪ! ಬುಗುರಿ, ಬಾ ಇಲ್ಲಿ. ಮೇಡಂಗೆ ಬೇಗ ಮಾಡ್ಕೊಡೋಣ. ನೀನು ಮೂಲೆ ಕತ್ತರಿಸು.”

ಅಮ್ಮ ಚಿತ್ರಗಳನ್ನು ಪ್ಲಾಸ್ಟಿಕ್ ಪೌಚಿನೊಳಗೆ ಸಾಲಾಗಿ ಇಟ್ಟು ಮೆಷಿನ್ನಿಗೆ ಕೊಟ್ಟಳು. ಆ ಕಡೆಯಿಂದ ಅವು ಬಿಸಿಬಿಸಿಯಾಗಿ, ಮಿರಮಿರ ಮಿಂಚುತ್ತ ಹೊರಬಂದವು. ಅಮ್ಮ ಬಿಡಿಬಿಡಿಯಾಗಿ ಕತ್ತರಿಸಿದಳು. ಚೂಪು ಮೂಲೆ ಪುಟ್ಟ ಮಕ್ಕಳ ಕೈಗೆ ಚುಚ್ಚದ ಹಾಗೆ ದುಂಡಗೆ ಮಾಡುವುದು ಬುಗುರಿಯ ಕೆಲಸ. ರೈಲಿನ ನಾಲ್ಕು ಮೂಲೆ. ರಸ್ತೆಯ ನಾಲ್ಕು ಮೂಲೆ. ರಾಕೆಟ್ಟಿನ ನಾಲ್ಕು ಮೂಲೆ. ಕದ್ದ ಮಾಲನ್ನು ಕಳ್ಳನೇ ಕೂತು ಹೊಸದಾಗಿ ಮಾಡಿಕೊಡುವುದು ಲೋಕದಲ್ಲಿ ಎಲ್ಲಾದರೂ ಉಂಟೇ?

“ನಿನ್ ಕತ್ತರಿ ಬ್ಯಾಗಲ್ಲಿದ್ಯಾ? ನಾನೂ ಮೂಲೆ ಕತ್ತರಿಸ್ತೀನಿ,” ಎನ್ನುತ್ತ ಅಮ್ಮ ಬ್ಯಾಗಿಗೆ ಕೈ ಹಾಕಿದಳು.

“ಬೇಡ!” ಬುಗುರಿ ಬ್ಯಾಗನ್ನು ತಬ್ಬಿಕೊಂಡಳು. “ಅದು... ಮೊಂಡಾಗಿದೆ.”

“ಮೊನ್ನೆ ತಾನೇ ಕೊಡಿಸಿದ್ದಲ್ಲೇ!”

“ಬೇಗ ಮೊಂಡಾಯ್ತು.”

ಅಮ್ಮ ಹುಬ್ಬೇರಿಸಿದಳು. ಎಲ್ಲ ಮುಗಿದ ಮೇಲೆ ಎಣಿಸಿ, “ಇಪ್ಪತ್ತೆರಡು. ಅಷ್ಟೇ ಅಲ್ವಾ?” ಎಂದಳು.

“ಇನ್ನೊಂದಿತ್ತು. ಅದು ನಂಗೆ ಮಾಡಕ್ಕೆ ಬರಲ್ಲ,” ಎಂದರು ಮಿಸ್. “ಇವಳ ಸ್ಕೂಲಲ್ಲೇ, ಒಂದನೇ ಕ್ಲಾಸಲ್ಲಿ ಒಂದು ಪುಟಾಣಿ ಇದ್ದಾಳೆ. ಮಾತು ತೊದಲುತ್ತೆ ಅಂತ ಬಾಯೇ ಬಿಡಲ್ಲ. ಕುರಿ ಕಾರ್ಡು ಅವಳೇ ಬರೆದಿದ್ದು. ಖುಷೀಲಿ ಆರು ಕಾಲು ಬರೆದುಬಿಟ್ಟಿದ್ಲು! ನಾನು ನಾಲ್ಕಾ ಅಂತೀನಿ, ತಲೆ ಅಲ್ಲಾಡಿಸ್ತಾಳೆ. ಐದಾ ಅಂತೀನಿ, ಅದಕ್ಕೂ ಇಲ್ಲ. ಆಮೇಲೆ ಇಬ್ರೂ ಒಟ್ಟಿಗೆ ‘ಆರು!’ ಅಂತ ಕೂಗ್ತೀವಿ. ಜೊತೇಲಿ ಯಾರಾದ್ರೂ ಹೇಳಿದ್ರೆ ಅವಳಿಗೆ ತೊದಲೋದೇ ಇಲ್ಲ. ಆ ಆಟ ಆದ್ಮೇಲೇ ಬೇರೆ ಮಾತು.”

“ಮತ್ತೆ ಈಗ?”

“ಮೊನ್ನೆ ಡಬ್ಬೀಲಿ ಕುರಿ ಇಲ್ಲ ಅಂತ ಮೇಜಿನ ಕೆಳಗೆ ಹೋಗಿ ಕೂತ್ಲು. ಇನ್ನೊಂದು ಬರಿ ಪುಟ್ಟಾ ಅಂದೆ. ಬರೆದು ತಳ್ಳಿದ್ಲು. ಈ ಸಲ ಸರಿಯಾಗಿ ನಾಲ್ಕೇ ಕಾಲು.” ಮಿಸ್ ಕಾರ್ಡುಗಳನ್ನು ಜೋಡಿಸಿಕೊಂಡರು. “ನಾಲ್ಕು ಕಾಲಿನ ಕುರಿ ಇಟ್ಕೊಂಡು ಆಡೋದೇನು?”

ಬುಗುರಿಯ ಕತ್ತರಿ ಮರದ ಕಾರ್ಡಿನ ಮೂಲೆಯನ್ನು ಸ್ವಲ್ಪ ಜಾಸ್ತಿಯೇ ಕತ್ತರಿಸಿತು.

ಮುಂದಿನ ವಾರ ಅವಳು ಬೆಲ್ಲಿಗೆ ಮುಂಚೆಯೇ ಶಾಲೆಯಲ್ಲಿದ್ದಳು. ಮಾತಿನ ಮಿಸ್ ಡಬ್ಬಿಗಳನ್ನು ಮೇಜಿನ ಮೇಲಿಟ್ಟು ಆಫೀಸಿಗೆ ಸಹಿ ಹಾಕಲು ಹೋದರು. ಬುಗುರಿ ಬೆಕ್ಕಿನಂತೆ ಕೋಣೆಯೊಳಗೆ ನುಸುಳಿದಳು. ಬ್ಯಾಗಿನ ತಳದ ರಟ್ಟೆತ್ತಿ, ಹಳೆಯ ಕಾರ್ಡುಗಳನ್ನು ಸರಸರನೆ ಮೇಜಿನ ಮೇಲೆ ಸುರಿದಳು. ಇನ್ನು ಡಬ್ಬಿಗೆ ತುಂಬಿ ಓಡಿದರಾಯಿತು.

ಮೇಜಿನ ಕೆಳಗೆ ಏನೋ ಸರಿದಾಡಿತು.

ಬಗ್ಗಿ ನೋಡಿದರೆ ಎರಡು ಜಡೆ, ಎರಡು ದೊಡ್ಡ ಕಣ್ಣು. ಪುಟಾಣಿ! ಮೊಣಕಾಲು ತಬ್ಬಿಕೊಂಡು ಕೂತಿದ್ದಾಳೆ. ಎಲ್ಲವನ್ನೂ ನೋಡಿದ್ದಾಳೆ.

ಬುಗುರಿ ಕಾರ್ಡುಗಳ ಮೇಲೆ ಎರಡೂ ಕೈ ಮುಚ್ಚಿದಳು. ಮರುಕ್ಷಣವೇ ಜೀವ ಬಂದಂತಾಯಿತು. ನೋಡಿದವಳು ಬಾಯೇ ಬಿಡದವಳು! ಇಂಥ ಸಾಕ್ಷಿ ಯಾವ ಕಳ್ಳನಿಗೆ ಸಿಕ್ಕೀತು?

ಅವಳೂ ಮೇಜಿನ ಕೆಳಗೆ ತೂರಿ ಕುರಿ ಕಾರ್ಡು ಚಾಚಿದಳು. “ತಗೋ. ಎಲ್ಲಿತ್ತು ಅಂತ ಹೇಳ್ಬೇಡ. ಆಯ್ತಾ?”

ಪುಟಾಣಿ ಕಾರ್ಡನ್ನು ಕೆನ್ನೆಗೊತ್ತಿಕೊಂಡಳು. ಆಮೇಲೆ ಅದನ್ನು ಬುಗುರಿಯ ಮೂಗಿನ ಮುಂದೆ ಹಿಡಿದು, ಕುರಿಯ ಕಾಲುಗಳ ಮೇಲೆ ಬೆರಳಿನಿಂದ ತಟ್ಟಿದಳು.

“ಎಷ್ಟು ಅಂತ ಹೇಳ್ಬೇಕಾ? ನಾಲ್ಕು.”

ಪುಟಾಣಿ ತಲೆ ಅಲ್ಲಾಡಿಸಿದಳು. ಜಡೆಗಳೂ ಅಲ್ಲಾಡಿದವು.

“ಐದು.”

ಮತ್ತೆ ಅಲ್ಲಾಡಿಸಿದಳು. ಈಗ ಜೋರಾಗಿ ಉಸಿರೆಳೆದುಕೊಂಡು, ಬುಗುರಿಯ ಬಾಯನ್ನೇ ನೋಡುತ್ತ ಕಾದಳು.

“ಐದಾದ ಮೇಲೆ ಇದ್ಯಲ್ಲ, ಅದು,” ಎಂದಳು ಬುಗುರಿ.

ಪುಟಾಣಿ ಕಾದಳು.

“ಹನ್ನೊಂದಲ್ಲಿ ಐದು ಕಳಿ. ಗೊತ್ತಾಯ್ತಾ?”

ಪುಟಾಣಿಗೆ ಗೊತ್ತಾಗಲಿಲ್ಲ. ಒಂದನೇ ಕ್ಲಾಸಿನಲ್ಲಿ ಆ ಲೆಕ್ಕ ಇನ್ನೂ ಬಂದಿರಲಿಲ್ಲ. ಎಳೆದುಕೊಂಡ ಉಸಿರು ಸದ್ದಿಲ್ಲದೆ ಹೊರಗೆ ಹೋಯಿತು. ಅವಳು ಕಾರ್ಡನ್ನು ಮೆಲ್ಲಗೆ ಮಗುಚಿ ನೆಲದ ಮೇಲಿಟ್ಟಳು.

ಬುಗುರಿಗೆ ಅದನ್ನು ನೋಡಲಾಗಲಿಲ್ಲ. ಕಾರ್ಡನ್ನು ಎತ್ತಿ ಹಿಡಿದು, “ನಾಲ್ಕು! ಐದು!” ಎಂದಳು. ಪುಟಾಣಿ ಮತ್ತೆ ಉಸಿರೆಳೆದುಕೊಂಡಳು. ಬುಗುರಿ ಕಣ್ಣು ಗಟ್ಟಿಯಾಗಿ ಮುಚ್ಚಿ ಕೂಗಿದಳು:

“ಆಲು!”

“ಆರು!” ಎಂದು ಪುಟಾಣಿಯೂ ಕೂಗಿದಳು, ಒಟ್ಟಿಗೇ.

ಬುಗುರಿ ಕಣ್ಣು ತೆರೆಯಲಿಲ್ಲ. ನಗು ಕೇಳಿಸುವುದನ್ನೇ ಕಾಯುತ್ತ ಕೂತಳು. ಕೇಳಿಸಿದ್ದು ಒಂದು ಪ್ರಶ್ನೆ.

“ಆ... ಆ... ಆಲೂಗಡ್ಡೆ?”

ಪುಟಾಣಿ ಹುಬ್ಬು ಗಂಟಿಕ್ಕಿ ಕುರಿಯನ್ನು ಪರೀಕ್ಷೆ ಮಾಡುತ್ತಿದ್ದಳು, ಆಲೂಗಡ್ಡೆ ಎಲ್ಲಿದೆ ಎಂದು. ಆಲೂಗಡ್ಡೆಯ ಕಾಲಿಟ್ಟುಕೊಂಡು ಉರುಳುತ್ತ ಹೋಗುವ ಕುರಿ ಬುಗುರಿಯ ಕಣ್ಣ ಮುಂದೆಯೂ ಬಂದುಬಿಟ್ಟಿತು. ಮೊದಲು ಅವಳ ಮೂಗಿನಿಂದ ನಗು ಸಿಡಿಯಿತು, ಆಮೇಲೆ ಬಾಯಿಂದ. ಪುಟಾಣಿಯೂ ಕಿಸಕ್ಕೆಂದಳು. ಇಬ್ಬರೂ ನಕ್ಕೂ ನಕ್ಕೂ ಮೇಜಿಗೆ ತಲೆ ಬಡಿಸಿಕೊಂಡರು.

ಆಗ ಮೇಜಿನ ಪಕ್ಕ ಎರಡು ಚಪ್ಪಲಿ ಬಂದು ನಿಂತವು.

“ಅರೆ! ಈ ಕಾರ್ಡೆಲ್ಲ ಎಲ್ಲಿತ್ತು?” ಮಾತಿನ ಮಿಸ್ ದನಿ.

ಬುಗುರಿ ಬಾಯಿಯ ಮೇಲೆ ಬೆರಳಿಟ್ಟು ಪುಟಾಣಿಯ ಕಡೆ ನೋಡಿದಳು. ಪುಟಾಣಿ ಆಗಲೇ ಮೇಜಿನಡಿಯಿಂದ ತಲೆ ಹೊರಗೆ ಹಾಕಿಯಾಗಿತ್ತು.

“ಬ್ಯಾ... ಬ್ಯಾಗಲ್ಲಿ!” ಎಂದಳು ಸಂಭ್ರಮದಿಂದ. “ಅ... ಅಕ್ಕನ ಬ್ಯಾಗಲ್ಲಿ!”

ಬಾಯೇ ಬಿಡದ ಸಾಕ್ಷಿ!

ಬುಗುರಿ ತೆವಳಿಕೊಂಡು ಹೊರಗೆ ಬಂದು ತಲೆ ತಗ್ಗಿಸಿ ನಿಂತಳು. “ನಾನೇ ತಗೊಂಡಿದ್ದೆ ಮಿಸ್. ನಂಗೆ ಆ ಡಬ್ಬಿ ಇಷ್ಟಾನೇ ಇಲ್ಲ.”

ಮಿಸ್ ಹಳೆಯ ರೈಲನ್ನು ಎತ್ತಿಕೊಂಡು ಅದರ ಮೇಲಿನ ಧೂಳು ಒರೆಸಿದರು. “ಮೂರು ಸ್ಕೂಲು ಹುಡುಕಿದ್ದೆ ಕಣೇ,” ಎಂದರು. ಬೈದಿದ್ದರೆ ವಾಸಿ ಇತ್ತು ಅನ್ನಿಸಿತು ಬುಗುರಿಗೆ.

“ಈಗ ಎಲ್ಲ ಎರಡೆರಡು ಆಯ್ತು. ಜೋಡಿ ಹುಡುಕೋ ಆಟ ಆಡ್ಬಹುದು,” ಎಂದರು ಮಿಸ್ ಕೊನೆಗೆ. “ಆದ್ರೆ ಅಮ್ಮಂಗೆ ಇವತ್ತೇ ಹೇಳ್ಬೇಕು. ಅವ್ರೂ ನನ್ನ ಜೊತೆ ಕೂತು ಕೆಲಸ ಮಾಡಿದ್ರು.”

“ಚೀಟಿ ಬಲ್ದು ಕೊಡ್ತೀಲಾ?” ಅವಸರದಲ್ಲಿ ಬಾಯಿ ಜಾರಿತು. ಬುಗುರಿ ತುಟಿ ಕಚ್ಚಿಕೊಂಡಳು.

“ಚೀಟಿ ಇಲ್ಲ,” ಎಂದರು ಮಿಸ್, ಏನೂ ಆಗದವರಂತೆ. “ಬಾಯಲ್ಲೇ ಹೇಳು.”

ಸಂಜೆ ಅಂಗಡಿಯಲ್ಲಿ ಅಮ್ಮ ಯಾರದೋ ಐಡಿ ಕಾರ್ಡು ಕತ್ತರಿಸುತ್ತಿದ್ದಳು. ಬುಗುರಿ ಶುರು ಮಾಡಿದಳು. “ಅಮ್ಮಾ, ಮೈಯೆಲ್ಲ ಉಣ್ಣೆ ಇದ್ಯಲ್ಲ, ಹುಲ್ಲು ತಿನ್ನತ್ತಲ್ಲ, ಅದಕ್ಕೆ ಐದಾದ ಮೇಲೆ ಒಂದು ಕಾಲು...”

“ಏನೇ ಹೇಳ್ತಿದೀಯಾ? ತಲೆಬುಡ ಒಂದೂ ಗೊತ್ತಾಗ್ತಿಲ್ಲ.”

ಹೌದು, ಬುಗುರಿಗೂ ಗೊತ್ತಾಗುತ್ತಿರಲಿಲ್ಲ. ಹೀಗೆ ಹೇಳುತ್ತ ಹೋದರೆ ಕತೆ ಮೇಜಿನ ಹತ್ತಿರ ಬರುವಷ್ಟರಲ್ಲಿ ಅಂಗಡಿ ಮುಚ್ಚುವ ಹೊತ್ತಾಗುತ್ತದೆ. ಅವಳು ಪುಟಾಣಿಯ ಹಾಗೆ ಜೋರಾಗಿ ಉಸಿರೆಳೆದುಕೊಂಡಳು.

“ಕುಲಿ,” ಎಂದಳು. “ಆಲು ಕಾಲಿನ ಕುಲಿ. ಅದಲ ಕಾಲ್ಡು ನಾನೇ ಕದ್ದಿದ್ದು.”

ಅಮ್ಮನ ಕತ್ತರಿ ನಿಂತಿತು. “ಆ ಮೇಡಂ ಇಲ್ಲಿ ಕೂತಿದ್ದಾಗ, ಬ್ಯಾಗಲ್ಲಿ ಇಟ್ಕೊಂಡೇ ಮೂಲೆ ಕತ್ತರಿಸ್ತಿದ್ಯಾ?” ಬೈಗುಳ ಬಂದವು, ಬುಗುರಿ ನೆನೆಸಿದ್ದಕ್ಕಿಂತ ಜಾಸ್ತಿಯೇ. ಅವಳು ಎಲ್ಲ ಕೇಳಿಸಿಕೊಂಡಳು. ಅಮ್ಮ ಉಸಿರು ತೆಗೆದುಕೊಳ್ಳಲು ನಿಂತಾಗ ಮುಂದಿನದನ್ನು ಹೇಳಿದಳು. ಮೇಜಿನ ಕೆಳಗಿನ ಪುಟಾಣಿ, ಬಾಯೇ ಬಿಡದ ಸಾಕ್ಷಿ, ಬಂದು ನಿಂತ ಚಪ್ಪಲಿಗಳು. ಆಮೇಲೆ “ಬ್ಯಾಗಲ್ಲಿ! ಅಕ್ಕನ ಬ್ಯಾಗಲ್ಲಿ!”

ಅಮ್ಮ ಬೈಯಲೆಂದು ತೆರೆದ ಬಾಯಿ ಹಾಗೇ ನಗುವಾಯಿತು. ಸ್ಟೂಲು ಹಿಡಿದುಕೊಂಡು ನಕ್ಕಳು.

ಬುಗುರಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಇಷ್ಟು ಹೊತ್ತಿನಲ್ಲಿ ತಾನು ಎಷ್ಟು ಸಲ ಕುಲಿ ಅಂದಿರಬಹುದು? ಎಷ್ಟು ಸಲ ಕಾಲ್ಡು? ಅಲ್ಲೆಲ್ಲೂ ಅಮ್ಮ ನಕ್ಕಿರಲಿಲ್ಲ. ನಕ್ಕಿದ್ದು ಇಲ್ಲಿ, ನಗಬೇಕಾದ ಜಾಗದಲ್ಲಿ.

ಝೆರಾಕ್ಸ್ ಮಾಡಿಸಲು ಬಂದ ಗಿರಾಕಿಯೊಬ್ಬರು ಮೆಟ್ಟಿಲ ಮೇಲೆ ನಿಂತು, “ಏನಾಯ್ತು ಮೇಡಂ, ಇಷ್ಟೊಂದು ನಗು?” ಎಂದರು.

ಅಮ್ಮ ನಗುತ್ತಲೇ ಕಣ್ಣೊರೆಸಿಕೊಳ್ಳುತ್ತ ಮಗಳ ಕಡೆ ಕೈ ತೋರಿಸಿದಳು.

ಬುಗುರಿ ಸ್ಟೂಲು ಹತ್ತಿ ಕೂತಳು.

“ಮೊದಲಿಂದ ಹೇಳ್ತೀನಿ,” ಎಂದಳು. “ಒಂದು ಕುಲಿ ಇತ್ತು.”