ಬಿಟ್ಟುಹೋದ ಅರ್ಧ ತಾಸು

ಬೆಳಿಗ್ಗೆ ಒಂಬತ್ತಕ್ಕೆ ಬನಹಟ್ಟಿ ಠಾಣೆಯ ಮೆಟ್ಟಿಲೇರಿದ ಸಾತವ್ವನ ಹಣೆಗೆ ಬಟ್ಟೆ ಕಟ್ಟಿತ್ತು.

"ಕೆಳಗಿನ ಓಣಿ ಭಾಗವ್ವ ಕೊಡಾ ತಗೊಂಡು ಹೊಡದಾಳ್ರಿ ಮೇಡಂ. ನೂಲಿಗೆ ಬಣ್ಣಾ ಹಾಕಾಕ ನಮ್ಮ ಓಣಿ ನೀರು ಕದಿಯಾಕತ್ತಾಳ. ಕೇಳಿದ್ದಕ್ಕ ಹೊಡದ್ಲು."

ಪಿಎಸ್‌ಐ ಮೃಣ್ಮಯಿ ಎಫ್‌ಐಆರ್ ದಾಖಲಿಸಿ, ಹವಾಲ್ದಾರ್ ಲಗಮಪ್ಪನೊಡನೆ ನೇಕಾರರ ಕಾಲೊನಿಗೆ ಹೊರಟಳು. ಅಲ್ಲಿಯ ಟಾಕಿಯಿಂದ ದಿನಕ್ಕೆ ಏಳು ತಾಸು ನೀರು; ಎರಡು ಓಣಿಗೆ ಸಮಪಾಲು. ವಾಲ್ವು ತೆರೆದು ಮುಚ್ಚುವುದೆಲ್ಲ ಒಂದು ವರ್ಷದಿಂದ ಕಂಪ್ಯೂಟರಿನ ಕೆಲಸ.

ಭಾಗವ್ವ ಬಾಗಿಲಲ್ಲೇ ಸಿಡಿದಳು. "ಹೊಡದದ್ದು ಖರೇರಿ. ಕಳ್ಳಿ ಅಂದ್ಲು, ಕೈ ಎತ್ತಿದೆ. ನೀರು ಮುಟ್ಟಿಲ್ಲ. ಎಂಟು ದಿನದಿಂದ ನಮಗೂ ಅರ್ಧ ತಾಸು ಕಡಿಮಿನ ಬರಾಕತ್ತೈತಿ. ಅಕಿನ ಕದ್ದಾಳಂತ ನಾ ತಿಳಕೊಂಡೀನಿ!"

ಕಳವು ಖರೆಯಾದರೆ ಅವಳ ಬಣ್ಣದ ಒಲೆ ಆರಿಸಿ ಕೆಲಸ ನಿಲ್ಲಿಸುವುದೆಂದು ನೇಕಾರರ ಸಂಘದವರು ಆಗಲೇ ಹೇಳಿಯಾಗಿತ್ತು.

ಪಂಚನಾಮೆ ಮಾಡುವಾಗ ನೋಡಿದರೆ ಪೈಪು ಎಲ್ಲೂ ಒಡೆದಿರಲಿಲ್ಲ. ಎರಡೂ ಓಣಿಯ ಸರದಿ ಮುಗಿದ ಮೇಲೆ ಲಗಮಪ್ಪ ಟಾಕಿ ಹತ್ತಿ ಇಣುಕಿದ.

"ಮೇಡಂ, ಇನ್ನೂ ಒಂದು ತಾಸಿನಷ್ಟು ನೀರು ಉಳದೈತ್ರೀ. ಎಂಥಾ ಕಳ್ಳರೀ ಇವ, ಕದ್ದ ಮಾಲು ಇಲ್ಲೇ ಬಿಟ್ಟಾನ!"

ಮೃಣ್ಮಯಿ ನಗಲಿಲ್ಲ. ಟಾಕಿಯ ಕೆಳಗಿನ ಕೋಣೆಗೆ ನಡೆದಳು. ನೀರು ಬಿಡುವ ಪ್ರೋಗ್ರಾಂ ಬರೆದ ಶ್ರೀಧರ ಅಲ್ಲಿ ಒಬ್ಬನೇ ಕೂತಿದ್ದ. ಅದಕ್ಕೂ ಮೊದಲು ವಾಲ್ವಿನ ಕೀಲಿ ಹಿಡಿದು ಓಣಿ ಓಣಿ ತಿರುಗಿ ನೀರು ಬಿಡುತ್ತಿದ್ದವನೂ ಅವನೇ.

"ಏಳನ್ನ ಎರಡರಿಂದ ಭಾಗಿಸಿದ್ರ?"

"ಮೂರೂವರಿ."

"ನಿಮ್ಮ ಕಂಪ್ಯೂಟರ್ ಏನಂತದ?"

ಅವನು ತೆರೆಯ ಮೇಲಿನ ಒಂದು ಸಾಲು ತೋರಿಸಿದ. "ಮೂರು ಅಂತದರಿ. ಭಾಗಾಕಾರಕ್ಕ ಒಂದು ಓರೆ ಗೆರಿ ಹಾಕಿದ್ರ ಮೂರೂವರಿ ಬರ್ತದ. ಎರಡು ಹಾಕಿದ್ರ ಪೂರ್ಣಸಂಖ್ಯೆ ಅಷ್ಟ ಇಟ್ಕೊಂಡು ಅರ್ಧ ಒಗದುಬಿಡ್ತದ. ಕೈತಪ್ಪಿ ಎರಡು ಬಿದ್ದಾವ."

"ಕೈತಪ್ಪಿದ್ರ ಮೊದಲ ದಿನಾನ ನೀರು ಕಡಿಮಿ ಆಗಬೇಕಿತ್ತು. ಒಂದು ವರ್ಷ ಸರಿ ಬಂದದಲ್ಲ?"

ಶ್ರೀಧರ ತೆರೆಯ ಮೇಲಿನ ಎರಡನೇ ಗೆರೆಯ ಮೇಲೆ ಬೆರಳಿಟ್ಟ.

"ಕೀಲಿ ಹಿಡಕೊಂಡು ಹೋದ್ರ ಮನಿ ಮನಿಯಾಗೂ 'ಬಾ ಶ್ರೀಧರಣ್ಣ, ಚಾ ಕುಡಿ' ಅಂತಿದ್ರು. ಇದು ಬಂದ ಮ್ಯಾಲೆ ಯಾರೂ ಕರೀಲಿಲ್ಲರಿ. ಈ ಗೆರಿ ಬೇಕಂತನ ಹಾಕಿದೆ. ನೀರು ಕಡಿಮಿ ಆದ್ರ ನನ್ನ ಹುಡುಕ್ಕೊಂಡು ಬರ್ತಾರ, ಹೋಗಿ ಸರಿ ಮಾಡಿದ್ರಾತು ಅಂದ್ಕೊಂಡೆ. ಬರಲೇ ಇಲ್ಲ. ತಮ್ಮೊಳಗ ಬಡದಾಡಿದ್ರು."

ಭಾಗವ್ವನ ಮೇಲೆ ಹೊಡೆತದ ಕೇಸಷ್ಟೇ ಉಳಿಯಿತು. ಸಂಜೆ ನಾಲ್ಕಕ್ಕೆ ಶ್ರೀಧರನನ್ನು ಬಂಧಿಸಿ ಓಣಿಯ ಮೂಲಕ ಕರೆತರುವಾಗ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು.

"ಅಯ್ಯ, ಶ್ರೀಧರಣ್ಣ!" ಸಾತವ್ವ ಉದ್ಗರಿಸಿದಳು.

ಅವನು ತಟ್ಟನೆ ನಿಂತು ತಿರುಗಿದ. ಲಗಮಪ್ಪ ತೋಳು ಹಿಡಿದೆಳೆದ.

"ನಿಂದರ್ಲಿ ಒಂದು ಗಳಿಗಿ," ಎಂದಳು ಮೃಣ್ಮಯಿ.

ಈ ಊರಿಗೆ ವರ್ಗವಾಗಿ ಬಂದಾಗಿನಿಂದ ಅವಳನ್ನೂ ಯಾರೂ ಹೆಸರು ಹಿಡಿದು ಕರೆದಿರಲಿಲ್ಲ; ಎಲ್ಲರೂ ಮೇಡಂ ಎಂದೇ ಕರೆಯುತ್ತಿದ್ದರು.